ಖೆಡ್ಡಾದ ಬಾಗಿಲು

ಕಥೆಯಾಟಕ್ಕೆ ಕೂತವರಲ್ಲಿ ಒಂದು ವಿಚಿತ್ರ ಕಾಣುತ್ತದೆ. ತನ್ನ ಪಾತ್ರ ಸತ್ತರೆ ಆಟಗಾರ ಹೇಗೋ ಸಹಿಸಿಕೊಳ್ಳುತ್ತಾನೆ, ಸೆರೆ ಸಿಕ್ಕರೆ ಮಾತ್ರ ಕೆರಳುತ್ತಾನೆ. ಇಪ್ಪತ್ತು ಜನ ಕಾವಲುಗಾರರು ಸುತ್ತುವರಿದು ಕತ್ತಿ ಕೆಳಗಿಡು ಅಂದರೆ, ಗೆಲ್ಲಲು ದಾರಿಯಿಲ್ಲ ಎಂದು ಗೊತ್ತಿದ್ದೂ ದಾಳ ಎತ್ತಿಕೊಳ್ಳುತ್ತಾನೆ. ಬದುಕಿ ಉಳಿದರೆ ನಾಳೆ ತಪ್ಪಿಸಿಕೊಳ್ಳಬಹುದಲ್ಲ ಎಂಬ ಲೆಕ್ಕ ಆ ಹೊತ್ತಿಗೆ ತಲೆಗೆ ಹತ್ತುವುದೇ ಇಲ್ಲ. ಆಟ ನಡೆಸುವವನಿಗೆ ಇದೊಂದು ತಲೆನೋವು. ಕಥೆಗೆ ಸೆರೆಮನೆ ಬೇಕು, ಆದರೆ ಒಳಗೆ ಹೋಗಲು ಯಾರೂ ತಯಾರಿಲ್ಲ.

ಈ ಆಟ ನೋಡದವರಿಗೆ ಒಂದು ಮಾತು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಡಂಜನ್ಸ್ ಅಂಡ್ ಡ್ರಾಗನ್ಸ್ ಇಂಥ ಆಟಗಳಿಗೆಲ್ಲ ಮೂಲ. ಒಬ್ಬರು ಇಡೀ ಲೋಕವನ್ನು ನಡೆಸುತ್ತಾರೆ: ಕಾಡು, ರಾಕ್ಷಸ, ಛತ್ರದ ಯಜಮಾನ, ಮಳೆ, ಎಲ್ಲ ಅವರ ಕೈಯಲ್ಲಿ. ಹುಡುಗರು ಅವರನ್ನು ಡಿಎಂ ಅನ್ನುತ್ತಾರೆ. ಉಳಿದ ನಾಲ್ಕೈದು ಜನರಿಗೆ ತಲೆಗೊಂದು ಪಾತ್ರ. ಮಾತಿನಲ್ಲೇ ಕಥೆ ಸಾಗುತ್ತದೆ, ಅನುಮಾನ ಬಂದ ಕಡೆ ದಾಳ ಉರುಳುತ್ತದೆ.

ಸಾವಿಗಿಂತ ಸೆರೆಗೆ ಹೆದರುವುದು ಹೊಸ ಕಾಯಿಲೆಯೇನಲ್ಲ. ಭಾರತದ ವನಪರ್ವದಲ್ಲಿ ಕೌರವ ತನ್ನ ಸಿರಿಯನ್ನು ಕಾಡಿನಲ್ಲಿದ್ದ ಪಾಂಡವರಿಗೆ ತೋರಿಸಲು ಹೊರಟು, ಗಂಧರ್ವ ಚಿತ್ರಸೇನನ ಕೈಗೆ ಸಿಕ್ಕಿಬೀಳುತ್ತಾನೆ. ಧರ್ಮರಾಯನ ಮಾತಿನಂತೆ ತಮ್ಮಂದಿರೇ ಹೋಗಿ ಬಿಡಿಸಿ ತರುತ್ತಾರೆ. ಜೀವ ಉಳಿಯಿತಲ್ಲ ಎಂದು ಆತ ಸಮಾಧಾನಪಟ್ಟನೇ? ಅನ್ನ ನೀರು ಬಿಟ್ಟು ಪ್ರಾಯೋಪವೇಶಕ್ಕೆ ಕೂತ. ಸತ್ತಿದ್ದರೆ ವೀರಸ್ವರ್ಗ ಇತ್ತು, ಸೆರೆಯಾಗಿ ಬಿಡುಗಡೆಯಾದವನಿಗೆ ಹಾಸ್ತಿನಾವತಿಯಲ್ಲಿ ತಲೆಯೆತ್ತಿ ಓಡಾಡುವ ಮುಖವೂ ಇರಲಿಲ್ಲ. ನಮ್ಮ ಹುಡುಗರು ದಾಳ ಎತ್ತಿಕೊಳ್ಳುವುದರಲ್ಲಿ ಆ ಛಲದ ಒಂದು ಚೂರು ಇದೆ. ಅದಷ್ಟೇ ಎಂದು ನಾನು ಮೊದಲು ಅಂದುಕೊಂಡಿದ್ದೆ.

ಆದರೆ ಒಂದು ಸಂಜೆ ಗುರುಪುರದ ನಮ್ಮ ಮನೆಯಲ್ಲಿ ಅಣ್ಣನ ಮಗ ಗೆಳೆಯರನ್ನು ಕೂರಿಸಿಕೊಂಡು ಆಡಿಸುವಾಗ ಬೇರೆಯೇ ಒಂದು ವಿಷಯ ಕಂಡಿತು. ಪಾತ್ರಗಳು ಒಂದು ಛತ್ರಕ್ಕೆ ಬಂದಿದ್ದವು. ಯಜಮಾನ ಎಲ್ಲರಿಗೂ ಬಿಸಿ ಹಾಲು ಕೊಟ್ಟ. "ಕುಡಿದು ಮಲಗಿದ್ರಿ. ಬೆಳಿಗ್ಗೆ ಎದ್ದರೆ ಕೈಕಾಲಿಗೆ ಸಂಕೋಲೆ" ಅಂದ ಹುಡುಗ. ಮಂತ್ರವಾದಿನಿಯ ಪಾತ್ರದ ಹುಡುಗಿ ಪೆನ್ಸಿಲ್ ಕೆಳಗಿಟ್ಟಳು. "ಅಲ್ಲ ಕಣೋ, ನಾನು ಕುಡಿದೆ ಅಂತ ಯಾವಾಗ ಹೇಳ್ದೆ?" ಅವನು, "ಕೊಟ್ಟರೆ ಕುಡೀದೆ ಇರ್ತಿದ್ದೆಯಾ?" ಅಂದ. "ಕುಡೀತಿದ್ನೋ ಏನೋ. ಕೇಳಬೇಕಿತ್ತು." ಪಕ್ಕದವನು ಅವಳ ಪರವಾಗಿ ಇನ್ನೇನೋ ಹೇಳಹೊರಟ. ಅವಳು ಅವನನ್ನೂ ಸುಮ್ಮನಿರಿಸಿ ಪಾತ್ರದ ಹಾಳೆಯನ್ನು ಮಡಿಚಿಟ್ಟಳು.

ಅವಳದು ಸೋಲಿನ ಸಿಟ್ಟಲ್ಲ, ಛಲವೂ ಅಲ್ಲ. ಲೋಕವೆಲ್ಲ ಡಿಎಂ ಕೈಯಲ್ಲಿರುವ ಆಟದಲ್ಲಿ ಅವಳ ಪಾಲಿಗಿದ್ದದ್ದು ಒಂದೇ, ತನ್ನ ಪಾತ್ರ ಏನು ಮಾಡುತ್ತದೆ ಎಂದು ಹೇಳುವ ಹಕ್ಕು. ಆ ಹಾಲಿನ ಲೋಟ ಎತ್ತಿ ಕುಡಿಸಿದವನು ಅದನ್ನೇ ಕಸಿದುಕೊಂಡಿದ್ದ. ಸೆರೆಯಾಗಬೇಕಾದದ್ದು ಪಾತ್ರ, ಇಲ್ಲಿ ಸೆರೆಯಾದದ್ದು ಆಡುತ್ತಿದ್ದವಳು. ಇವೆರಡನ್ನು ಬೇರೆಬೇರೆಯಾಗಿ ನೋಡದಿದ್ದರೆ, ನ್ಯಾಯವಾದ ಸೆರೆ ಯಾವುದು ಎಂಬ ಪ್ರಶ್ನೆ ಬಲಾಬಲದ ಲೆಕ್ಕದಲ್ಲೇ ಮುಗಿದುಹೋಗುತ್ತದೆ: ಕಾವಲುಗಾರರು ಎಷ್ಟು, ದಾಳದಲ್ಲಿ ಎಷ್ಟು ಬಿದ್ದರೆ ಪಾರು, ಇತ್ಯಾದಿ. ಬಲ ಸಮವಾಗಿರಬೇಕು ಎಂದು ಯಾರೂ ಕೇಳುತ್ತಿಲ್ಲ.

ಅವನ ತಪ್ಪು ಕಣ್ಣಿಗೆ ಕಾಣುವಂಥದ್ದು. ನುರಿತ ಡಿಎಂಗಳು ಇಷ್ಟು ಒರಟಾಗಿ ಮಾಡುವುದಿಲ್ಲ. ಆಟಗಾರರನ್ನು ಕೇಳುತ್ತಾರೆ, ದಾಳ ಹಾಕಿಸುತ್ತಾರೆ, ಆಯ್ಕೆ ಕೊಡುತ್ತಾರೆ. ಎಡಕ್ಕೆ ಹೋದರೂ ಬಲಕ್ಕೆ ಹೋದರೂ ಸಿಗುವುದು ಅದೇ ಬಲೆ, ಅಷ್ಟೇ. ಇದು ಹೇಗೆ ಕೆಲಸ ಮಾಡುತ್ತದೆಂದು ತಿಳಿಯಲು ಎಚ್.ಡಿ. ಕೋಟೆಯ ಕಡೆ ಹೋದರೆ ಸಾಕು.

ಕಾಕನಕೋಟೆಯ ಖೆಡ್ಡಾ ಎಂದರೆ ಒಂದು ಕಾಲಕ್ಕೆ ಮೈಸೂರು ಸಂಸ್ಥಾನದ ಹೆಮ್ಮೆ. ವೈಸರಾಯರು, ರಾಜಕುಮಾರರು ಬಂದು ಕೂತು ನೋಡುತ್ತಿದ್ದ ತಮಾಷೆ. ಸಂಸ್ಥಾನದಲ್ಲಿ ಆನೆ ಹಿಡಿಯುವ ಈ ವಿಧಾನವನ್ನು ರೂಢಿಗೆ ತಂದವನು ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ಅಧಿಕಾರಿ, 1870ರ ದಶಕದಲ್ಲಿ. ಕಾಡಿನ ಹಿಂಡನ್ನು ದೂರದಿಂದ ಜನ ಸುತ್ತುವರಿಯುತ್ತಾರೆ. ರಾತ್ರಿಯೆಲ್ಲ ಬೆಂಕಿ, ಹಗಲು ತಮಟೆ, ಕೂಗು. ಆನೆಗೆ ಗದ್ದಲವಿಲ್ಲದ ದಿಕ್ಕು ಒಂದು ಕಾಣುತ್ತದೆ, ಅತ್ತ ನಡೆಯುತ್ತದೆ. ಯಾರೂ ಅದನ್ನು ಎಳೆದುಕೊಂಡು ಹೋಗುವುದಿಲ್ಲ. ತಾನೇ ಯೋಚಿಸಿ, ತಾನೇ ಬೆಂಕಿಯನ್ನು ತಪ್ಪಿಸಿ, ತನಗೆ ಕ್ಷೇಮ ಎನಿಸಿದ ದಾರಿ ಹಿಡಿಯುತ್ತದೆ. ಆ ದಾರಿಯ ಎರಡು ಕಡೆಯ ದಿಮ್ಮಿಯ ಬೇಲಿ ಬರಬರುತ್ತ ಹತ್ತಿರವಾಗುತ್ತದೆ. ಕೊನೆಯ ಆನೆ ಒಳಗೆ ಬಂದ ಮೇಲೆ ಮೇಲಿಂದ ಬಾಗಿಲು ಬೀಳುತ್ತದೆ. ಆಮೇಲೆ ಪಳಗಿದ ಆನೆಗಳ ಮೇಲೆ ಮಾವುತರು ಒಳಗಿಳಿದು ಒಂದೊಂದರ ಕಾಲಿಗೂ ಹಗ್ಗ ಹಾಕುತ್ತಾರೆ.

ಆನೆಗೆ ಆಯ್ಕೆ ಇರಲಿಲ್ಲವೇ? ಹೆಜ್ಜೆಹೆಜ್ಜೆಗೂ ಇತ್ತು. ಒಂದು ಆಯ್ಕೆಯಿಂದಲೂ ಕೊನೆ ಬದಲಾಗುವಂತಿರಲಿಲ್ಲ, ಅಷ್ಟೇ. ಖೆಡ್ಡಾದ ಕೌಶಲವೇ ಅದು. ಆಯ್ಕೆಯನ್ನು ಕಿತ್ತುಕೊಳ್ಳದೆ, ಅದನ್ನೇ ಬಳಸಿಕೊಂಡು ಹಿಡಿಯುವುದು. ಪ್ರತಿ ತಿರುವಿನಲ್ಲೂ ದಾಳ ಹಾಕಿಸಿ, ಕೊನೆಗೆ ತಾನು ಮೊದಲೇ ಬರೆದಿಟ್ಟ ಕತ್ತಲಕೋಣೆಗೆ ತಂದು ನಿಲ್ಲಿಸುವ ಡಿಎಂ ಇದನ್ನೇ ಮಾಡುತ್ತಾನೆ. ನನ್ನ ಕೇಳಿದರೆ, ಹಾಲು ಕುಡಿಸಿದ ನಮ್ಮ ಹುಡುಗನೇ ವಾಸಿ. ಅವನ ಅನ್ಯಾಯ ಒಡನೆಯೇ ಗೊತ್ತಾಯಿತು, ಜಗಳವಾಡಲು ಬಂತು. ಖೆಡ್ಡಾದೊಳಗೆ ಜಗಳಕ್ಕೂ ಎಡೆಯಿಲ್ಲ. ಎಲ್ಲ ನೀವೇ ಮಾಡಿಕೊಂಡದ್ದು ಅಂದುಬಿಡಬಹುದು.

ಇದಕ್ಕೊಂದು ಉತ್ತರ ಸಾಮಾನ್ಯವಾಗಿ ಬರುತ್ತದೆ. ಹೇಗಾದರೂ ಸೆರೆಯಾಗಲಿ, ಮುಂದಿನ ಕಥೆ ಚೆನ್ನಾಗಿದ್ದರೆ ಆಟಗಾರರೇ ಮರೆಯುತ್ತಾರೆ ಎಂದು. ಸೆರೆಮನೆಯಲ್ಲಿ ಹೊಸ ಗೆಳೆಯ ಸಿಗುತ್ತಾನೆ, ಗುಟ್ಟು ತಿಳಿಯುತ್ತದೆ, ಪಾರಾಗುವ ಸಾಹಸ ವರ್ಷಗಟ್ಟಲೆ ನೆನಪಿರುತ್ತದೆ. ಸುಳ್ಳಲ್ಲ. ದಸರಾದ ಅರ್ಜುನ 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲೇ ಸಿಕ್ಕ ಆನೆ. 2012ರಿಂದ ಎಂಟು ವರ್ಷ ಅಂಬಾರಿ ಹೊತ್ತ. ಲಕ್ಷಾಂತರ ಜನ ಕೈಮುಗಿದರು. 2023ರ ಡಿಸೆಂಬರ್‌ನಲ್ಲಿ ಸಕಲೇಶಪುರದ ಕಡೆ ಕಾಡಾನೆಯೊಂದನ್ನು ಹಿಡಿಯುವ ಕೆಲಸಕ್ಕೆ ಹೋದಾಗ ಅದರೊಂದಿಗೆ ಕಾದಾಡುತ್ತ ಸತ್ತ. ಸೆರೆಯಾಗಿ ಬಂದವನು ಸೆರೆ ಹಿಡಿಯಲು ಹೋಗಿ ಮಡಿದ. ನಾಡಿಗೆ ನಾಡೇ ಅತ್ತಿತು. ಅಂಥ ದೊಡ್ಡ ಬಾಳು ಅದು. ಹಾಗೆಂದು 1968ರಲ್ಲಿ ಬಿದ್ದ ಬಾಗಿಲು ನ್ಯಾಯವಾಯಿತೇ? ಆಮೇಲಿನ ಅಂಬಾರಿಯ ತೂಕದಿಂದ ಆ ದಿನದ ಲೆಕ್ಕ ಸರಿಹೋಗುವುದಿಲ್ಲ. ಹಿಡಿದ ರೀತಿ ಒಂದು ಪ್ರಶ್ನೆ, ಹಿಡಿದ ಮೇಲಿನ ಬದುಕು ಇನ್ನೊಂದು. ಎರಡನೆಯದಕ್ಕೆ ಒಳ್ಳೆಯ ಉತ್ತರ ಕೊಟ್ಟವನಿಗೆ ಮೊದಲನೆಯದು ಮಾಫಿಯಲ್ಲ. (ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆನೆಗಳು ಬಂದು ಬೀಳುತ್ತಿದ್ದ ಜಾಗದ ಬಹುಭಾಗ ಈಗ ಕಬಿನಿಯ ಹಿನ್ನೀರು.)

ಹಾಗಾದರೆ ನ್ಯಾಯವಾಗಿ ಸೆರೆ ಹಿಡಿಯಲು ಬರುವುದೇ ಇಲ್ಲವೇ? ಬರುತ್ತದೆ. ನಮ್ಮ ಜಗಲಿಗಳ ಮೇಲೆ, ದೇವಸ್ಥಾನದ ಕಲ್ಲುಹಾಸಿನ ಮೇಲೆ ಗೀರಿರುವ ಹುಲಿ-ಕುರಿ ಆಟ ನೋಡಿ. ಹುಲಿ ಕುರಿಯನ್ನು ಹಾರಿ ತಿನ್ನಬಹುದು. ಕುರಿಗಳು ಹುಲಿಯನ್ನು ಕೊಲ್ಲಲಾರವು, ಅಲುಗಾಡದಂತೆ ಕಟ್ಟಿಹಾಕಬಹುದು, ಅಷ್ಟೇ. ಇಡೀ ಆಟವೇ ಒಂದು ಸೆರೆ. ಆದರೂ ಹುಲಿಯ ಕಡೆಯವನು ಮೋಸವಾಯಿತು ಎಂದು ಎದ್ದುಹೋದದ್ದನ್ನು ನಾನು ನೋಡಿಲ್ಲ. ಪ್ರತಿ ಕುರಿಯೂ ಅವನ ಕಣ್ಣೆದುರಿಗೇ ಬಂದು ಕೂರುತ್ತದೆ. ಎರಡು ಕುರಿಗಳ ನಡುವೆ ಒಂದು ನಡೆ ಅವನದು. ಕೊನೆಗೆ ಕಟ್ಟುಬಿದ್ದಾಗ, ಆ ಮೂಲೆಗೆ ಹೋಗಬಾರದಿತ್ತು, ಈ ಕುರಿಯ ಆಸೆಗೆ ಬಿದ್ದು ಕೆಟ್ಟೆ ಎಂದು ಅವನೇ ನಡೆಗಳನ್ನು ಹಿಂದಕ್ಕೆ ಎಣಿಸಿ ಹೇಳಬಲ್ಲ. ಇನ್ನೊಂದು ಮಾತು: ಕಟ್ಟುಬಿದ್ದ ಹುಲಿಯನ್ನು ಮಣೆಯಿಂದ ಎತ್ತಿ ಹಾಕುವುದಿಲ್ಲ. ಅಲ್ಲೇ ಇರುತ್ತದೆ. ಉಳಿದ ಹುಲಿಗಳು ಆಡುತ್ತಿರುವಾಗ ಒಂದು ಕುರಿ ಸರಿದರೆ ಸಾಕು, ಮತ್ತೆ ಹೊರಗೆ.

ಇದಕ್ಕಿಂತ ನಯವಾದ ಸೆರೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ನಡೆಯುತ್ತದೆ, ಟಿಬೆಟನ್ನರ ಸೇರಾ ವಿಹಾರದ ತರ್ಕದ ಅಂಗಳದಲ್ಲಿ. ಒಬ್ಬ ಭಿಕ್ಷು ಕೂತಿರುತ್ತಾನೆ, ಇನ್ನೊಬ್ಬ ನಿಂತು ಪ್ರಶ್ನೆ ಹಾಕುತ್ತಾನೆ. ಪ್ರಶ್ನೆ ಮುಗಿಯುತ್ತಿದ್ದಂತೆ ಕಾಲು ಅಪ್ಪಳಿಸಿ ಚಪ್ಪಾಳೆ. ಕೂತವನ ಉತ್ತರಗಳು ತೀರಾ ಚಿಕ್ಕವು: ಒಪ್ಪುತ್ತೇನೆ, ಕಾರಣ ಸಿದ್ಧವಾಗಿಲ್ಲ, ವ್ಯಾಪ್ತಿಯಿಲ್ಲ, ಯಾಕೆ? ನಿಂತವನು ಹೊರಗಿನಿಂದ ಯಾವ ಆಯುಧವನ್ನೂ ತರುವಂತಿಲ್ಲ. ಕೂತವನು ತಾನೇ ಒಪ್ಪಿದ ಮಾತುಗಳನ್ನು ಒಂದರ ಪಕ್ಕ ಒಂದು ಇಟ್ಟು, ಮೊದಲು ಒಪ್ಪಿದ್ದಕ್ಕೂ ಈಗ ಒಪ್ಪಿದ್ದಕ್ಕೂ ಹೊಂದುವುದಿಲ್ಲ ಎಂದು ತೋರಿಸಬೇಕು. ಪ್ರತಿ ಹೆಜ್ಜೆಗೂ ಇಲ್ಲ ಅನ್ನುವ ಬಾಗಿಲು ತೆರೆದೇ ಇತ್ತು, ಒಪ್ಪಿದವನು ಅವನೇ. ಸಿಕ್ಕಿಬಿದ್ದವನು ಎಷ್ಟೋ ಸಲ ನಗುತ್ತಾನೆ. ಸೆರೆ ಎನ್ನುವುದು ಬರೀ ಆಟದ ಮಾತಲ್ಲದ ನಾಡಿನಿಂದ ಹೊರಬಿದ್ದ ಸಮುದಾಯ ತನ್ನ ಅಂಗಳದಲ್ಲಿ ಹೀಗೆ ಹಿಡಿಯುವ, ಹಿಡಿಸಿಕೊಳ್ಳುವ ಕಲೆಯನ್ನು ಕಾಪಾಡಿಕೊಂಡಿದೆ ಎಂಬುದು ನನಗೆ ಆಗಾಗ ನೆನಪಾಗುತ್ತದೆ.

ಇಲ್ಲಿ ಒಂದು ಆಕ್ಷೇಪ ಬರಲೇಬೇಕು. ಎಲ್ಲ ಕಣ್ಣೆದುರಿಗೇ ನಡೆದರೆ ಹೊಂಚು, ಮೋಸ, ವಿಷ ಹಾಕುವ ಯಜಮಾನ ಇವರೆಲ್ಲ ಕಥೆಯಿಂದ ಮಾಯವಾಗಬೇಕಲ್ಲ? ಬೇಕಿಲ್ಲ. ಹಾಲಿನಲ್ಲಿ ಮದ್ದು ಇರಲಿ. ಯಜಮಾನ ಲೋಟ ಕೊಡುವಾಗ ಕಣ್ಣು ತಪ್ಪಿಸಿದ, ತಾನು ಮಾತ್ರ ಬೇರೆ ಪಾತ್ರೆಯಿಂದ ಬಗ್ಗಿಸಿಕೊಂಡ ಎಂದು ಹೇಳಿ, ಈಗ ಏನು ಮಾಡ್ತೀಯಮ್ಮ ಎಂದು ಕೇಳಿದ್ದರೆ ಸಾಕಿತ್ತು. ಅವಳು ಗಮನಿಸದೆ ಕುಡಿದಿದ್ದರೆ, ಸಂಕೋಲೆ ನೋಡಿದಾಗ ಥೂ, ಹೇಳಿದ್ನಲ್ಲ ಅಂತ ತಲೆ ಚಚ್ಚಿಕೊಳ್ಳುತ್ತಿದ್ದಳೇ ಹೊರತು ಹಾಳೆ ಮಡಿಚುತ್ತಿರಲಿಲ್ಲ. ಫಲ ಮುಚ್ಚಿಟ್ಟಿರಬಹುದು, ಸುಳಿವು ಸಿಕ್ಕಿರಬೇಕು. ಆಟಗಾರ್ತಿಯ ಒಪ್ಪಿಗೆ ಬೇಕಾದದ್ದು ಸೆರೆಗಲ್ಲ, ಸೆರೆಯಾಗಬಹುದಾದ ನಡೆಗೆ.

ಸೆರೆಕೋಣೆಯಲ್ಲೇ ಶುರುವಾಗುವ ಆಟವನ್ನು ಯಾರೂ ದೂರುವುದಿಲ್ಲ ಎಂಬುದೂ ಇದಕ್ಕೆ ಸಾಕ್ಷಿ. ಡಂಜನ್ಸ್ ಅಂಡ್ ಡ್ರಾಗನ್ಸ್ ಆಟಕ್ಕೆಂದು 1981ರಲ್ಲಿ ಬಂದ, ಗುಲಾಮರ ದೊರೆಗಳ ಕುರಿತ ಸಾಹಸದ ನಾಲ್ಕನೆಯ ಪುಸ್ತಕ ತೊಡಗುವಾಗಲೇ ಪಾತ್ರಗಳು ಸೆರೆಯಲ್ಲಿ. ಕತ್ತಿಯಿಲ್ಲ, ಮಂತ್ರದ ಪುಸ್ತಕವಿಲ್ಲ. ಅದೊಂದನ್ನೇ ಎತ್ತಿಕೊಂಡು, ಇವತ್ತು ಸೆರೆಮನೆಯಿಂದ ಶುರು ಎಂದು ಹೇಳಿ ಕೂರಿಸಿದರೆ ಜನ ಖುಷಿಯಾಗಿ ಆಡುತ್ತಾರೆ. ಅದೇ ಕೋಣೆ, ಅದೇ ಬರಿಗೈ. ಯಾರ ನಡೆಯನ್ನೂ ಅಳಿಸಿ ಅಲ್ಲಿಗೆ ತಂದಿಲ್ಲ, ಅದೊಂದೇ ವ್ಯತ್ಯಾಸ.

ನಿಯಮ ಬರೆಯುವವರಿಗೂ ಇದು ಬರಬರುತ್ತ ಹೊಳೆದಂತಿದೆ. 2013ರಲ್ಲಿ ಪರಿಷ್ಕರಣೆಯಾಗಿ ಬಂದ ಫೇಟ್ ಎಂಬ ಆಟದಲ್ಲಿ, ಸೋಲುತ್ತೇನೆ ಅನಿಸಿದವನು ದಾಳ ಉರುಳುವ ಮೊದಲೇ ಬಿಟ್ಟುಕೊಡಬಹುದು. ಬಿಟ್ಟುಕೊಟ್ಟವನಿಗೆ ತಾನು ಹೇಗೆ ಸೋತೆ ಎಂದು ಹೇಳುವುದರಲ್ಲಿ ಪಾಲಿದೆ, ಮುಂದಕ್ಕೆ ಬಳಸಿಕೊಳ್ಳಲು ಒಂದು ಅಂಕವೂ ಸಿಗುತ್ತದೆ. ಕೌರವನಿಗೆ ಈ ನಿಯಮ ಸಿಕ್ಕಿದ್ದರೆ ಪ್ರಾಯೋಪವೇಶಕ್ಕೆ ಕೂರುತ್ತಿದ್ದನೋ ಇಲ್ಲವೋ. ಅದೇನೇ ಇರಲಿ, ಶರಣಾಗುವುದನ್ನೂ ಒಂದು ನಡೆಯೆಂದು ಎಣಿಸಿದ ಕೂಡಲೇ ಸೆರೆಯ ಅವಮಾನ ಅರ್ಧ ಇಳಿಯುತ್ತದೆ. ಒಳಗೆ ಹೋದ ಮೇಲೆ ಉಳಿದರ್ಧ: ಕಾವಲುಗಾರನನ್ನು ಮಾತಾಡಿಸಬಹುದೇ, ಗೋಡೆ ತಟ್ಟಿ ಪಕ್ಕದ ಕೋಣೆಯವನನ್ನು ಕರೆಯಬಹುದೇ, ಕಸಿದುಕೊಂಡ ಕತ್ತಿ ಎಲ್ಲಿದೆ ಎಂದು ತಿಳಿಯುವ ದಾರಿ ಇದೆಯೇ? ಇದೆ ಅಂದರೆ ಆಟ ನಡೆಯುತ್ತಿದೆ. ಗಂಟೆಗಟ್ಟಲೆ ಸುಮ್ಮನೆ ಕೂರಿಸಿ, ಕಥೆಯಲ್ಲಿ ಬರುವ ಯಾರೋ ಶೂರ ಬಂದು ಬಿಡಿಸುವವರೆಗೆ ಕಾಯಿಸಿದರೆ, ಕಟ್ಟಿದ ಹುಲಿಯನ್ನು ಮಣೆಯಿಂದ ಎತ್ತಿ ಜೇಬಿಗೆ ಹಾಕಿಕೊಂಡಂತೆಯೇ.

ನನಗೆ ಇನ್ನೂ ತೊಡಕಾಗಿ ಕಾಣುವುದು ಬೇರೆ. ಮೇಜಿನ ಸುತ್ತ ಐದು ಜನ. ತಂಡದ ಮುಂದಾಳು, ನಾವೆಲ್ಲ ಶರಣಾಗಿದ್ದೇವೆ ಅನ್ನುತ್ತಾನೆ. ಕೊನೆಯ ಕುರ್ಚಿಯಲ್ಲಿ ಕೂತ ಹುಡುಗಿಗೆ ಓಡಿಹೋಗುವ ಮನಸ್ಸಿತ್ತು. ಅವಳೂ ಸೆರೆಯೇ? ದ್ಯೂತಸಭೆಯಲ್ಲಿ ದ್ರೌಪದಿ ಕೇಳಿ ಕಳಿಸಿದ್ದು ಇದರ ಹತ್ತಿರದ ಪ್ರಶ್ನೆಯನ್ನೇ. ತನ್ನನ್ನು ಸೋತವನಿಗೆ ನನ್ನನ್ನು ಒಡ್ಡುವ ಅಧಿಕಾರ ಎಲ್ಲಿಂದ ಬಂತು ಎಂದು. ಭೀಷ್ಮನಂಥವನೇ ಧರ್ಮ ಸೂಕ್ಷ್ಮ ಎಂದು ತಡವರಿಸಿದ. ಡಿಎಂಗೆ ಹಾಗೆ ತಡವರಿಸುವ ಅನುಕೂಲವಿಲ್ಲ, ಆಟ ಮುಂದೆ ಸಾಗಬೇಕು. ಐವರನ್ನೂ ಒಬ್ಬೊಬ್ಬರನ್ನಾಗಿ ಕೇಳಬೇಕು ಎಂಬುದು ನನ್ನ ವಾದ: ನೀನು ಏನು ಮಾಡ್ತೀಯ, ನೀನು? ನಾಲ್ವರು ಕತ್ತಿ ಕೆಳಗಿಟ್ಟು ಒಬ್ಬಳು ಕಿಟಕಿಯಿಂದ ಹಾರಿದರೆ ಡಿಎಂ ಬರೆದಿಟ್ಟುಕೊಂಡ ಅಧ್ಯಾಯ ಹಾಳಾಗುತ್ತದೆ. ಆ ಸಂಜೆ ಒಳಗಿನ ನಾಲ್ವರಿಗೂ ಹೊರಗಿನ ಒಬ್ಬಳಿಗೂ ಅವನು ಎರಡು ಕಥೆ ನಡೆಸಬೇಕಾಗುತ್ತದೆ. ಕಷ್ಟವೇ. ನಡೆಸಲಿ.