ತಡೆಯುವವನ ಹೊಣೆ

ಹೊಲಕ್ಕೊಂದು ಬದು, ಊರಿಗೊಂದು ಗಡಿಕಲ್ಲು, ನಾಡಿಗೊಂದು ಎಲ್ಲೆ. ಇವಿಲ್ಲದೆ ಮನುಷ್ಯರು ಕೂಡಿ ಬಾಳಿದ ಕಾಲವನ್ನು ಊಹಿಸುವುದು ಕಷ್ಟ. ನಮಗೆ ದೊರೆತಿರುವ ಮೊದಲ ಕನ್ನಡ ಗ್ರಂಥವಾದ ಕವಿರಾಜಮಾರ್ಗವೇ ನಾಡಿನ ಮೇರೆಯನ್ನು ಕಾವೇರಿ ಗೋದಾವರಿಗಳಿಂದ ಗುರುತಿಸುತ್ತದೆ. ಆದುದರಿಂದ ಎಲ್ಲೆ ಬೇಕೆ, ಬೇಡವೆ ಎಂಬ ಚರ್ಚೆ ನನಗೆ ಅಷ್ಟು ಮುಖ್ಯವಾಗಿ ತೋರುವುದಿಲ್ಲ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಎಲ್ಲೆಯಲ್ಲಿ ನಿಂತು ‘ನಿಲ್ಲು, ನೀನಾರು?’ ಎಂದು ಕೇಳುವ ಅಧಿಕಾರ ಒಬ್ಬನಿಗೆ ಉಂಟಷ್ಟೆ. ಹಾಗೆ ನಿಲ್ಲಿಸಲ್ಪಟ್ಟವನಿಗೆ ಆ ಅಧಿಕಾರಿ ಸಲ್ಲಿಸಬೇಕಾದ ಋಣವೇನಾದರೂ ಉಂಟೆ?

ಇದು ಬರಿಯ ತತ್ತ್ವಜಿಜ್ಞಾಸೆಯಲ್ಲ. ನಮ್ಮ ದೇಶದ ನೆಲಗಡಿ 15,000 ಕಿಲೋಮೀಟರಿಗೂ ಮಿಕ್ಕಿದ್ದು. 1999ರ ಕಾರ್ಗಿಲ್ ಕಾಳಗದ ತರುವಾಯ ಸಚಿವರ ತಂಡವೊಂದು 2001ರಲ್ಲಿ ಗಡಿಯ ಆಡಳಿತವನ್ನು ಪರಿಶೀಲಿಸಿ ವರದಿಯಿತ್ತಿತು. 2004ರ ಜನವರಿಯಲ್ಲಿ ಗೃಹ ಸಚಿವಾಲಯದಲ್ಲಿ ಗಡಿ ನಿರ್ವಹಣೆಗೆಂದೇ ಒಂದು ಇಲಾಖೆ ಹುಟ್ಟಿತು. 2025ರಲ್ಲಿ ವಲಸೆ ಮತ್ತು ವಿದೇಶಿಯರ ಕಾಯಿದೆ ಬಂದು, 1920, 1939, 1946 ಮತ್ತು 2000ನೆಯ ಇಸವಿಗಳ ನಾಲ್ಕು ಹಳೆಯ ಕಾಯಿದೆಗಳನ್ನು ತೆಗೆದುಹಾಕಿತು. ಅಂದರೆ ರಾಷ್ಟ್ರವು ತನ್ನ ಗಡಿಯ ನೀತಿಯನ್ನು ಮತ್ತೆ ಮತ್ತೆ ಪರಿಷ್ಕರಿಸುತ್ತಿದೆ. ಗ್ರಂಥಸಂಪಾದನೆಯನ್ನು ಪಾಠ ಹೇಳುವ ನನ್ನಂಥವನಿಗೆ ಪರಿಷ್ಕರಣವೆಂಬ ಮಾತು ಕೇಳಿದೊಡನೆ ಒಂದು ಅನುಮಾನ ಹುಟ್ಟುತ್ತದೆ. ಹೊಸ ಪ್ರತಿ ಅಂದವಾಗಿದೆಯೆ ಎನ್ನುವುದಕ್ಕಿಂತ, ಹಳೆಯ ಓಲೆಯಲ್ಲಿದ್ದ ಯಾವ ಸಾಲು ಬಿಟ್ಟುಹೋಯಿತು ಎಂಬುದನ್ನು ಮೊದಲು ನೋಡಬೇಕು.

ಇಲ್ಲಿ ಕೆಲವರು ಅವಸರದ ಉತ್ತರ ಕೊಡಬಹುದು. ‘ವಿಶ್ವಮಾನವ’ ಸಂದೇಶವನ್ನು ಸಾರಿದ ಕುವೆಂಪು ಅವರ ನಾಡಿನಲ್ಲಿ ಕುಳಿತು ಗಡಿಗಾವಲನ್ನು ಸಮರ್ಥಿಸುವುದೆ ಎಂದು ಕೇಳಬಹುದು. ಬೇಲಿಯೆಲ್ಲ ಪಾಪ, ಬಯಲೆಲ್ಲ ಪುಣ್ಯ ಎನ್ನುವುದು ಸುಲಭ. ಆದರೆ ಕಾವಲಿಲ್ಲದ ಗಡಿಯಿಂದ ಹೆಚ್ಚಿನ ಲಾಭ ಪಡೆಯುವವರು ಬಡವರಲ್ಲ. ಹೆಣ್ಣುಮಕ್ಕಳನ್ನು ಮಾರುವವರು, ಖೋಟಾ ನೋಟಿನವರು, ಬಂದೂಕು ಸಾಗಿಸುವವರು. ಅಲ್ಲಿ ದುರ್ಬಲನನ್ನು ಕಾಯುವುದೂ ಕಾವಲುಗಾರನೇ. ಹಿಮದಲ್ಲಿಯೂ ಮರಳಿನಲ್ಲಿಯೂ ನಿದ್ದೆಗೆಟ್ಟು ನಿಂತವನನ್ನು ಮನೆಯಲ್ಲಿ ಬೆಚ್ಚಗೆ ಕುಳಿತು ಹಳಿಯುವುದು ಸಲ್ಲದು. ತಡೆಯುವ ಅಧಿಕಾರ ನ್ಯಾಯವಾದುದೇ. ಅದರ ಜೊತೆಗಾರನೆಲ್ಲಿ ಎಂಬುದಷ್ಟೆ ನನ್ನ ಪ್ರಶ್ನೆ.

ಈ ಜೊತೆಗಾರನನ್ನು ಕಾಣಲು ದೂರ ಹೋಗಬೇಕಾಗಿಲ್ಲ. ರುದ್ರಪಟ್ಟಣದ ಶಾಮಶಾಸ್ತ್ರಿಗಳು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗಡಿಯ ಆಡಳಿತ ಸವಿವರವಾಗಿ ಬಂದಿದೆ. ಮುದ್ರಾಧ್ಯಕ್ಷನೆಂಬ ಅಧಿಕಾರಿ ಒಂದು ಮಾಷ ತೆಗೆದುಕೊಂಡು ರಹದಾರಿಯ ಮುದ್ರೆಯನ್ನು ಕೊಡಬೇಕು. ಮುದ್ರೆಯಿಲ್ಲದೆ ಓಡಾಡುವ ನಾಡಿಗನಿಗೆ 12 ಪಣ ದಂಡ. ಗಡಿಯಲ್ಲಿರುವ ಅಂತಪಾಲನು ಸರಕಿನ ಬಂಡಿಗೆ ಒಂದೂಕಾಲು ಪಣ, ಹೆಗಲ ಹೊರೆಗೆ ಒಂದು ಮಾಷ ದಾರಿಸುಂಕ ವಸೂಲು ಮಾಡಬೇಕು. ಕೌಟಿಲ್ಯನು ಮೆದು ಹೃದಯದವನೆಂದು ಯಾರೂ ಹೇಳಲಾರರು. ಆದರೂ ಈ ಸುಂಕದ ಪಟ್ಟಿಯ ಬೆನ್ನಿಗೇ ಆತ ಇನ್ನೊಂದು ವಿಧಿಯನ್ನು ಇಟ್ಟಿದ್ದಾನೆ: ಪಯಣಿಗನ ಸೊತ್ತು ದಾರಿಯಲ್ಲಿ ಕಳೆದರೆ, ಕಳುವಾದರೆ, ಅಂತಪಾಲನೇ ಅದನ್ನು ತುಂಬಿಕೊಡತಕ್ಕದ್ದು. ತಡೆದವನೇ ಹೊಣೆಗಾರ. ಕೈ ಚಾಚಿ ಸುಂಕ ಪಡೆದವನಿಗೆ, ಕೈ ಬಿಚ್ಚಿ ನಷ್ಟ ತುಂಬುವ ಕರ್ತವ್ಯವೂ ಉಂಟು. ಬಿಟ್ಟುಹೋಗಿದೆಯೆಂದು ನನಗೆ ತೋರುವ ಸಾಲು ಇದೇ.

ಗೆರೆಯೆಳೆದು ಹೊಣೆ ಹೊರದೆ ಇದ್ದರೆ ಏನಾಗುತ್ತದೆಂಬುದಕ್ಕೆ ನಮ್ಮ ಕಾಲದಲ್ಲಿಯೇ ಒಂದು ನಿದರ್ಶನವುಂಟು. ಕೂಚ್‌ಬಿಹಾರದ ಸುತ್ತ ಭಾರತದ 111 ತುಂಡುನೆಲಗಳು ಬಾಂಗ್ಲಾದೇಶದ ಹೊಟ್ಟೆಯಲ್ಲಿಯೂ, ಬಾಂಗ್ಲಾದೇಶದ 51 ತುಂಡುನೆಲಗಳು ನಮ್ಮ ನೆಲದ ನಡುವೆಯೂ ಸಿಕ್ಕಿಕೊಂಡಿದ್ದುವು. ಅವುಗಳನ್ನು ಛಿಟ್‌ಮಹಲ್ ಎಂದು ಕರೆಯುತ್ತಿದ್ದರು. ಅಲ್ಲಿಯ ಮನುಷ್ಯ ತನ್ನ ಹಳ್ಳಿಯಿಂದ ಹೊರಗೆ ಕಾಲಿಟ್ಟರೆ ಕಾನೂನಿನಂತೆ ಅದು ಪರದೇಶ. ಪರದೇಶಕ್ಕೆ ಕಾಲಿಡಲು ರಹದಾರಿ ಬೇಕು. ರಹದಾರಿ ಕೊಡುವ ಕಚೇರಿಗೆ ಹೋಗಲು ಪರದೇಶವನ್ನೇ ದಾಟಬೇಕು! ತರಗತಿಯಲ್ಲಿ ಇದನ್ನು ಹೇಳಿದಾಗ ವಿದ್ಯಾರ್ಥಿಗಳು ನಗುತ್ತಾರೆ. ಓಟು, ಶಾಲೆ, ಪೋಲೀಸು ಯಾವುದೂ ಇಲ್ಲದೆ, ಮಗುವನ್ನು ಶಾಲೆಗೆ ಸೇರಿಸಲು ಪಕ್ಕದ ಊರಿನವನೊಬ್ಬನನ್ನು ತಂದೆಯೆಂದು ಬರೆಸಿದವರ ಸಂಗತಿಯನ್ನು ಹೇಳಿದಾಗ ಆ ನಗು ನಿಲ್ಲುತ್ತದೆ. 1958ರಲ್ಲಿ ನೆಹರೂ ಅವರೂ ಪಾಕಿಸ್ತಾನದ ಪ್ರಧಾನಿ ನೂನ್ ಅವರೂ ಒಪ್ಪಂದ ಮಾಡಿಕೊಂಡರು. 1974ರಲ್ಲಿ ಇಂದಿರಾ ಗಾಂಧಿ ಮತ್ತು ಮುಜೀಬುರ್ ರಹಮಾನ್ ಮತ್ತೆ ಒಪ್ಪಿದರು. ನೆಲದ ವಿನಿಮಯ ನಡೆದುದು ಸಂವಿಧಾನದ ನೂರನೆಯ ತಿದ್ದುಪಡಿಯಾದ ಮೇಲೆ, 2015ರ ಜುಲೈ 31ರ ನಡುರಾತ್ರಿ. ಐವತ್ತು ಸಾವಿರಕ್ಕೂ ಹೆಚ್ಚು ಜನ 57 ವರ್ಷ ಕಾದರು. ಅವರನ್ನು ಬೇಕೆಂದು ಹಿಂಸಿಸಿದವರು ಯಾರೂ ಇರಲಿಲ್ಲವೇನೋ. ಆದರೆ ಅವರ ವಿಷಯದಲ್ಲಿ ಇದು ನನ್ನ ಹೊಣೆ ಎನ್ನುವವರೂ ಇರಲಿಲ್ಲ.

ನಮ್ಮಲ್ಲಿ ದಯೆಗೆ ಕೊರತೆಯಿತ್ತೆಂದು ಹೇಳಲಾಗದು. 1960ರಲ್ಲಿ ಅಂದಿನ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಟಿಬೆಟ್ಟಿನ ನಿರಾಶ್ರಿತರಿಗೆ ಸುಮಾರು 3,000 ಎಕರೆ ನೆಲ ಕೊಟ್ಟಿತು. ಹಿಮದ ನಾಡಿನವರು ಕಾಡು ಕಡಿದು ಮುಸುಕಿನ ಜೋಳ ಬೆಳೆದರು. ಕನ್ನಡಿಗರು ಇದನ್ನು ನೆನೆದು ಹೆಮ್ಮೆಪಡುವುದು ಸಹಜ, ಉಚಿತವೂ ಹೌದು. ಆದರೆ ನಿರಾಶ್ರಿತರನ್ನು ಕುರಿತ 1951ರ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತ ಸೇರಿಲ್ಲ. ಅವರಿಗಾಗಿಯೇ ಒಂದು ಕಾಯಿದೆ ಅಂದೂ ಇರಲಿಲ್ಲ, ಇಂದೂ ಇಲ್ಲ. ಹೀಗಾಗಿ ಒಂದು ಕಾಲದಲ್ಲಿ ಬಾಗಿಲು ತೆರೆದರೆ ಇನ್ನೊಂದು ಕಾಲದಲ್ಲಿ ಮುಚ್ಚಬಹುದು. 2021ರ ಫೆಬ್ರವರಿಯಲ್ಲಿ ಮ್ಯಾನ್ಮಾರಿನ ಸೇನೆ ಅಧಿಕಾರವನ್ನು ಕಸಿದುಕೊಂಡ ಮೇಲೆ ಚಿನ್ ಜನರು ಸಾವಿರ ಸಾವಿರವಾಗಿ ಮಿಜೋರಾಮಿಗೆ ಬಂದರು. ಅವರನ್ನು ತಡೆಯಬೇಕೆಂದು ಮಾರ್ಚಿನಲ್ಲಿ ಕೇಂದ್ರ ಗೃಹ ಸಚಿವಾಲಯ ಈಶಾನ್ಯದ ರಾಜ್ಯಗಳಿಗೆ ಬರೆಯಿತು. ಇವರು ನಮ್ಮ ಬಂಧುಗಳು, ಇವರ ಸಂಕಟಕ್ಕೆ ಕಣ್ಣು ಮುಚ್ಚಿಕೊಳ್ಳಲಾರೆವು ಎಂಬ ಅರ್ಥದಲ್ಲಿ ಮಿಜೋರಾಮಿನ ಮುಖ್ಯಮಂತ್ರಿ ಪ್ರಧಾನಿಗೆ ಬರೆದರು. ಓಡಿಬಂದ ತಾಯಿಯೊಬ್ಬಳ ಬದುಕು ಆಗ ಈ ಎರಡು ಕಾಗದಗಳ ನಡುವೆ ತೂಗುತ್ತಿತ್ತು. ದಯೆಗೂ ಹೊಣೆಗೂ ಇರುವ ಅಂತರ ಇದೇ. ದಯೆ ಕೊಡುವವನ ಮನಸ್ಸನ್ನು ನೆಚ್ಚಿಕೊಂಡಿರುತ್ತದೆ; ಹೊಣೆಯಾದರೋ ಅವನ ಮನಸ್ಸು ಬದಲಾದರೂ ಬದಲಾಗದು.

ಇನ್ನು ಕಾನೂನಿನ ಮಾತು. ಒಬ್ಬನು ವಿದೇಶಿಯನೆ ಅಲ್ಲವೆ ಎಂಬ ಪ್ರಶ್ನೆ ಎದ್ದರೆ, ಅಲ್ಲವೆಂದು ತೋರಿಸುವ ಭಾರ ಅವನದೇ ಎಂದು 1946ರ ಕಾಯಿದೆ ಹೇಳುತ್ತಿತ್ತು. 2025ರ ಕಾಯಿದೆಯೂ ಆ ನಿಯಮವನ್ನು ಉಳಿಸಿಕೊಂಡಿದೆ. ತನ್ನ ಹುಟ್ಟಿನ ಸಂಗತಿ ತನಗಲ್ಲದೆ ಇನ್ನಾರಿಗೆ ತಿಳಿದೀತು ಎಂಬುದು ಅದರ ಹಿಂದಿನ ತರ್ಕ. ತರ್ಕವೇನೋ ಸರಿ. ಆದರೆ ಸುಗ್ಗಿ ಮುಗಿದೊಡನೆ ಗಂಟುಮೂಟೆ ಕಟ್ಟಿ ಊರಿಂದೂರಿಗೆ ದುಡಿಯಲು ಹೋಗುವ ಕೂಲಿಯವನ ಗುಡಿಸಿಲಿನಲ್ಲಿ ಅಜ್ಜನ ಕಾಲದ ದಾಖಲೆ ಎಲ್ಲಿಂದ ಬರಬೇಕು? ಪೆಟ್ಟಿಗೆಯಲ್ಲಿ ಕಾಗದವುಳ್ಳವನಿಗೆ ಹೂವಿನಷ್ಟು ಹಗುರವಾದ ಭಾರ, ಇಲ್ಲದವನಿಗೆ ಬಂಡೆಯಾಗುತ್ತದೆ. 2025ರಲ್ಲಿ ಬಾಂಗ್ಲಾದೇಶದವರೆಂದು ಗಡಿಯಾಚೆ ದಬ್ಬಲಾದ ಕೆಲವರು, ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ ಮರಳಿ ಬಂದರು. ಅವರು ಕಳೆದುಕೊಂಡ ತಿಂಗಳುಗಳನ್ನು ತುಂಬಿಕೊಡುವ ಅಂತಪಾಲನಾರು?

ನಮ್ಮ ಸಂವಿಧಾನಕಾರರು ಈ ವಿಷಯದಲ್ಲಿ ಎಚ್ಚರ ತಪ್ಪಿರಲಿಲ್ಲ. 19ನೆಯ ವಿಧಿಯ ಸ್ವಾತಂತ್ರ್ಯಗಳನ್ನು ‘ನಾಗರಿಕ’ರಿಗೆ ಕೊಟ್ಟ ಅವರು, ಜೀವದ ರಕ್ಷಣೆಯನ್ನು ಹೇಳುವ 21ನೆಯ ವಿಧಿಯಲ್ಲಿ ‘ವ್ಯಕ್ತಿ’ ಎಂಬ ಮಾತನ್ನು ಬಳಸಿದರು. ಇದು ಕೈತಪ್ಪಿ ಬಿದ್ದ ಪದವಲ್ಲ. ಅರುಣಾಚಲ ಪ್ರದೇಶದ ಚಕ್ಮಾ ಜನರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ಇದನ್ನೇ ಎತ್ತಿಹಿಡಿಯಿತು: ನಾಗರಿಕನಿರಲಿ, ಬೇರೆಯವನಿರಲಿ, ಪ್ರತಿಯೊಬ್ಬ ಮನುಷ್ಯನ ಜೀವವನ್ನು ಕಾಯಲು ರಾಜ್ಯ ಬದ್ಧವಾಗಿದೆ.

ಹಾಗಾದರೆ ಬಂದವರನ್ನೆಲ್ಲ ಒಳಗೆ ಬಿಡಬೇಕೆ ಎಂದು ವಾಚಕರು ಕೇಳಬಹುದು. ನಾನು ಹಾಗೆ ಹೇಳುತ್ತಿಲ್ಲ. ಅಹವಾಲನ್ನು ಕೇಳುವುದು ಬೇರೆ, ಒಪ್ಪುವುದು ಬೇರೆ. ಹಿಂದಕ್ಕೆ ಕಳುಹಿಸುವುದೇ ನ್ಯಾಯವಾದ ಸಂದರ್ಭಗಳು ಬೇಕಾದಷ್ಟಿವೆ. ಆದರೆ ಹಿಂದಕ್ಕೆ ಹೋಗುವವನಿಗೂ ಮೂರು ಸಂಗತಿಗಳು ಸಲ್ಲಬೇಕು. ತನ್ನನ್ನು ಏಕೆ ತಡೆದರೆಂಬುದನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು. ಜೀವನವೆಲ್ಲ ಭಾಷೆಯ ಪಾಠ ಹೇಳಿದವನಾಗಿ ಇದನ್ನು ನಾನು ಮೊದಲು ಕೇಳುತ್ತೇನೆ. ಹಿಡಿದವನಲ್ಲದ ಇನ್ನೊಬ್ಬನು, ದಬ್ಬುವ ಮೊದಲೇ, ಅವನ ಮಾತನ್ನು ಕೇಳಬೇಕು. ತಪ್ಪು ನಡೆದರೆ ಅದನ್ನು ತುಂಬಿಕೊಡತಕ್ಕ ಅಧಿಕಾರಿ ಇಂಥವನೇ ಎಂದು ಗೊತ್ತಿರಬೇಕು. ಇದರಿಂದ ಕಾವಲು ಸಡಿಲವಾಗುವುದೆಂಬ ಭಯ ಬೇಡ. ಉತ್ತರ ಹೇಳಬೇಕಾದವನು ನೋಡಿ ತಡೆಯುತ್ತಾನೆ; ಉತ್ತರ ಹೇಳಬೇಕಿಲ್ಲದವನು ಕಳ್ಳನನ್ನು ಬಿಟ್ಟು ಕೂಲಿಯವನನ್ನು ಹಿಡಿಯುತ್ತಾನೆ.

ತಂತಿಬೇಲಿ, ಕ್ಯಾಮೆರಾ, ಬೆರಳಚ್ಚಿನ ಯಂತ್ರ ಇವೆಲ್ಲ ಹೊಸ ಪ್ರತಿಯಲ್ಲಿ ಸೇರಲಿ. ಕಾಲಕ್ಕೆ ತಕ್ಕ ಪಾಠ ಬೇಕಾದುದೇ. ಅವುಗಳ ಜೊತೆಯಲ್ಲಿ ಆ ಹಳೆಯ ಸಾಲನ್ನೂ ಮತ್ತೆ ಬರೆದುಕೊಳ್ಳಬೇಕು. ಗಡಿಯಲ್ಲಿ ನಿಂತ ರಾಜ್ಯ ಎದುರಿನವನನ್ನು ‘ನೀನಾರು?’ ಎಂದು ಕೇಳಲಿ. ‘ನನ್ನ ನಷ್ಟಕ್ಕೆ ಹೊಣೆಯಾರು?’ ಎಂದು ಅವನು ಕೇಳಿದಾಗ, ಅದಕ್ಕೂ ಅಲ್ಲಿ ಒಂದು ಉತ್ತರವಿರಲಿ.