ಜಾತ್ರೆಯ ನಡುವೆ ಬಿದ್ದವರು

1938ರ ಏಪ್ರಿಲ್ 25ರಂದು ಗೌರಿಬಿದನೂರು ಸೀಮೆಯ ವಿದುರಾಶ್ವತ್ಥದಲ್ಲಿ ಜಾತ್ರೆಯ ಜನ ನೆರೆದಿತ್ತು. ಮಕ್ಕಳಾಗಲೆಂದು ಹರಕೆ ಹೊತ್ತು ನಾಗರಕಲ್ಲಿಗೆ ಕೈಮುಗಿಯುವವರು, ಹರಕೆ ತೀರಿಸಲು ಬಂದವರು, ಸುಮ್ಮನೆ ಜಾತ್ರೆ ನೋಡಲು ಬಂದವರು. ಅವರ ನಡುವೆಯೇ ಕಾಂಗ್ರೆಸ್ಸಿನ ಬಾವುಟ ಹಿಡಿದವರೂ ಇದ್ದರು. ಬಾವುಟ ಏರಿಸಕೂಡದು, ಸಭೆ ಸೇರಕೂಡದು ಎಂಬ ನಿರ್ಬಂಧವಿತ್ತು. ಆದರೂ ಸಭೆ ಸೇರಿತು, ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಸರ್ಕಾರದ ಲೆಕ್ಕದಲ್ಲಿ ಸುಮಾರು 10 ಮಂದಿ. ಜನರ ಲೆಕ್ಕ 30ನ್ನು ದಾಟುತ್ತದೆ.

ಈ ಗೋಲಿಬಾರು ನಡೆಯಿತೆಂದು ನನಗೆ ತಿಳಿಸಿದ್ದು ಇತಿಹಾಸದ ಪುಸ್ತಕ. ಅದರೊಳಗೆ ಸಿಕ್ಕಿಕೊಂಡ ಮನುಷ್ಯರ ಬಗ್ಗೆ ಯೋಚಿಸುವುದನ್ನು ಕಲಿಸಿದ್ದು ಮಾತ್ರ ಪರದೇಶದ ಕೆಲವು ಕಾದಂಬರಿಗಳು, ಅದರಲ್ಲೂ ಕ್ರೈಸ್ತ ಶ್ರದ್ಧೆಯ ಸಂಕಟದಿಂದ ಹುಟ್ಟಿದವು. ಬೇರೆ ದೇಶದ, ಬೇರೆ ಮತದ ಕಥೆಯಲ್ಲಿ ನಮ್ಮ ಊರಿಗೇನು ಕೆಲಸ ಎಂದು ಕನ್ನಡ ಯಾವತ್ತೂ ಕೇಳಿಲ್ಲ. ಕ್ರಿಸ್ತನ ಕೊನೆಯ ದಿನವನ್ನು 'ಗೊಲ್ಗೊಥಾ' ಕಾವ್ಯವಾಗಿಸಿದವರು ಮಂಜೇಶ್ವರದ ಗೋವಿಂದ ಪೈಗಳು. ಅದಕ್ಕೂ ಬಹಳ ಹಿಂದೆ, 1847ರಲ್ಲೇ, ಜಾನ್ ಬನ್ಯನ್ನನ ಕಥೆ 'ಯಾತ್ರಿಕನ ಸಂಚಾರ'ವಾಗಿ ಕನ್ನಡಕ್ಕೆ ಬಂದಿತ್ತು.

ಬನ್ಯನ್ನನ ಪುಸ್ತಕ ಕಾದಂಬರಿ ಎನ್ನುವುದಕ್ಕಿಂತ ರೂಪಕಕಥೆ. ಆದರೆ ಅದರ ಹಿಂದಿರುವ ಬದುಕು ವಿದುರಾಶ್ವತ್ಥವನ್ನು ಬಲ್ಲವರಿಗೆ ಹೊಸದಲ್ಲ. ಅಪ್ಪಣೆಯಿಲ್ಲದೆ ಜನ ಸೇರಿಸಿ ಉಪದೇಶ ಮಾಡಿದನೆಂದು ಅವನನ್ನು 1660ರಲ್ಲಿ ಸೆರೆಗೆ ಹಾಕಿದರು. ಇನ್ನು ಮುಂದೆ ಉಪದೇಶ ಮಾಡುವುದಿಲ್ಲವೆಂದು ಮಾತು ಕೊಟ್ಟಿದ್ದರೆ ಬಿಡುಗಡೆ ಸಿಗುತ್ತಿತ್ತು. ಕೊಡಲಿಲ್ಲ, 12 ವರ್ಷ ಒಳಗಿದ್ದ. ಅವನ ಕಥೆಯ ನಡುವೆ ಒಂದು ದೊಡ್ಡ ಜಾತ್ರೆ ಬರುತ್ತದೆ. ಅಲ್ಲಿ ಎಲ್ಲವೂ ಮಾರಾಟಕ್ಕಿದೆ, ಪದವಿ, ರಾಜ್ಯ, ಮನುಷ್ಯರ ಪ್ರಾಣ ಕೂಡ. ಏನನ್ನೂ ಕೊಳ್ಳದೆ ಹಾದುಹೋಗುವ ಇಬ್ಬರು ಯಾತ್ರಿಕರನ್ನು ಹಿಡಿದು ವಿಚಾರಣೆ ನಡೆಸಿ ಒಬ್ಬನನ್ನು ಸುಡುತ್ತಾರೆ. ಅವನು ಸತ್ತ ರೀತಿಯನ್ನು ಕಂಡು ಜಾತ್ರೆಯವನೇ ಒಬ್ಬ ಉಳಿದ ಯಾತ್ರಿಕನ ಜೊತೆ ಹೊರಡುತ್ತಾನೆ.

ಇಲ್ಲಿ ನಾನು ಬನ್ಯನ್ನನನ್ನು ಒಪ್ಪಲಾರೆ. ಅವನಿಗೆ ಜಾತ್ರೆ ಎಂದರೆ ದಾಟಿಹೋಗಬೇಕಾದ ಮಾಯೆ. ನಮ್ಮ ಜಾತ್ರೆಯಲ್ಲಿ ಬಳೆ ಅಂಗಡಿಗೂ ದೇವರಿಗೂ ಜಗಳವಿಲ್ಲ. ಹರಕೆಯೂ ವ್ಯಾಪಾರವೂ ಒಂದೇ ನೆರಳಿನಲ್ಲಿ ನಡೆಯುತ್ತವೆ. ಅಂದು ಬಾವುಟ ಹಿಡಿದವರು ಆ ನೆರಳನ್ನೇ ಹುಡುಕಿಕೊಂಡು ಬಂದಿದ್ದರು. ಅವರು ಲೋಕವನ್ನು ಬಿಟ್ಟು ಹೊರಟ ಯಾತ್ರಿಕರಲ್ಲ, ಲೋಕದ ನಡುವೆ ನಿಲ್ಲಲು ಬಂದವರು. ಹಾಗಾಗಿಯೇ ಗುಂಡು ಬಾವುಟದವರನ್ನು ಮಾತ್ರ ಆರಿಸಿಕೊಂಡು ಬೀಳಲು ಸಾಧ್ಯವಿರಲಿಲ್ಲ.

ಗುಂಡಿನ ಸದ್ದಿಗೆ ಓಡಿದವರೂ ಇರಲೇಬೇಕು. ಸ್ಮಾರಕಗಳಲ್ಲಿ ಸತ್ತವರ ಹೆಸರಿರುತ್ತದೆ, ಅದು ಸರಿ. ಓಡಿ ಮನೆ ಸೇರಿ, ಮುಂದೆ ಎಷ್ಟೋ ವರ್ಷ ಬದುಕಿದವನ ಒಳಗೆ ಏನು ನಡೆಯಿತು? ಪೋಲೆಂಡಿನ ಹೆನ್ರಿಕ್ ಸಿಯಂಕಿವಿಚ್‌ನ 'ಕ್ವೋ ವಾಡಿಸ್' ನೀರೋ ಕಾಲದ ರೋಮಿನ ಕಥೆ. ಅದನ್ನು ಬರೆಯುವಾಗ ಅವನ ದೇಶವೇ ಭೂಪಟದಲ್ಲಿರಲಿಲ್ಲ, ಮೂರು ಸಾಮ್ರಾಜ್ಯಗಳು ಅದನ್ನು ಹಂಚಿಕೊಂಡಿದ್ದವು. ಆ ಕಾದಂಬರಿಯಲ್ಲಿ ರೋಮ್ ಬಿಟ್ಟು ಹೊರಡುವವನು ಸಾಮಾನ್ಯನಲ್ಲ, ಕ್ರಿಸ್ತನ ಶಿಷ್ಯ ಪೇತ್ರ. ದಾರಿಯಲ್ಲಿ ಕ್ರಿಸ್ತನ ದರ್ಶನವಾಗಿ ಹಿಂತಿರುಗುತ್ತಾನೆ. ಜಪಾನಿನ ಶುಸಾಕು ಎಂಡೋ 1966ರ 'ಮೌನ'ದಲ್ಲಿ ಇನ್ನೂ ಕಠಿಣವಾದ ಕಡೆಗೆ ಹೋಗುತ್ತಾನೆ. 17ನೆಯ ಶತಮಾನದ ಜಪಾನಿನಲ್ಲಿ ಕ್ರೈಸ್ತರೆಂಬ ಗುಮಾನಿ ಬಂದವರ ಮುಂದೆ ಅಧಿಕಾರಿಗಳು ಕ್ರಿಸ್ತನ ಬಿಂಬವಿಟ್ಟು ತುಳಿ ಎನ್ನುತ್ತಿದ್ದರು. ಒಂದು ಹೆಜ್ಜೆ ಇಟ್ಟರೆ ಸಾಕು. ಕಿಚಿಜಿರೋ ಎಂಬ ಬಡಪಾಯಿ ತುಳಿಯುತ್ತಾನೆ, ಅಳುತ್ತಾ ಮರಳುತ್ತಾನೆ, ಮತ್ತೆ ದ್ರೋಹ ಮಾಡುತ್ತಾನೆ, ಮತ್ತೆ ಮರಳುತ್ತಾನೆ. ಕೊನೆಗೆ ಕಥೆಯ ನಾಯಕನಾದ ಪಾದ್ರಿಯೂ ತುಳಿಯುತ್ತಾನೆ, ಹಿಂಸೆಗೆ ಸಿಕ್ಕ ರೈತರ ಪ್ರಾಣ ಉಳಿಸಲಿಕ್ಕೆ.

ವಿದುರಾಶ್ವತ್ಥದಲ್ಲಿ ಒಂದು ತುಂಡು ಬಟ್ಟೆಗಾಗಿ ಯಾಕೆ ಸತ್ತರು ಎಂದು ಕೇಳುವವರು ಎಂಡೋನ ಈ ಪುಸ್ತಕವನ್ನು ಓದಬೇಕು. ಬಟ್ಟೆ ಅಷ್ಟು ಕ್ಷುಲ್ಲಕವಾಗಿದ್ದರೆ ಅದನ್ನು ಇಳಿಸಲು ಬಂದೂಕು ಯಾಕೆ ಬೇಕಿತ್ತು? ಅಧಿಕಾರ ಸಣ್ಣದನ್ನೇ ಕೇಳುತ್ತದೆ, ಕೊಟ್ಟವನು ಕೊಟ್ಟೆನೆಂದು ತನಗೇ ಹೇಳಿಕೊಳ್ಳಬಾರದಲ್ಲ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಪುಸ್ತಕ ಟಾಲ್ಸ್ಟಾಯ್‌ನ 'ಪುನರುತ್ಥಾನ'. ದೇಜಗೌ ಅದನ್ನು ಕನ್ನಡಕ್ಕೆ ತಂದರು. ಸೈಬೀರಿಯಕ್ಕೆ ಸಾಗಿಸುವ ಕೈದಿಗಳನ್ನು ಜುಲೈ ತಿಂಗಳ ಬಿಸಿಲಲ್ಲಿ ನಡೆಸುವಾಗ ಕೆಲವರು ಬಿದ್ದು ಸಾಯುತ್ತಾರೆ. ಕೊಂದವರು ಯಾರೆಂದು ಕಥಾನಾಯಕ ನೆಖ್ಲ್ಯುದೊವ್ ಹುಡುಕುತ್ತಾ ಹೋದರೆ ಯಾರೂ ಸಿಗುವುದಿಲ್ಲ. ಒಬ್ಬ ಕಾಗದಕ್ಕೆ ರುಜು ಹಾಕಿದ, ಇನ್ನೊಬ್ಬ ತಲೆ ಎಣಿಸಿದ, ಮತ್ತೊಬ್ಬ ಹೇಳಿದಲ್ಲಿಗೆ ನಡೆಸಿದ. ಎಲ್ಲರೂ ಒಳ್ಳೆಯವರು, ಎಲ್ಲರೂ ತಮ್ಮ ಕೆಲಸ ಮಾಡಿದ್ದಾರೆ, ಮನುಷ್ಯರು ಸತ್ತಿದ್ದಾರೆ. ಗೋಲಿಬಾರಿನ ಮುಂದೆ ನಿಂತವರನ್ನು ನಾವು ನೆನೆಯುತ್ತೇವೆ. ಬಂದೂಕಿನ ಹಿಂದಿದ್ದ ಪೇದೆ ನಮಗೆ ಮುಖವಿಲ್ಲದವನು. ಅವನ ಮನೆಯಲ್ಲೂ ಯಾರೋ ನಾಗರಕಲ್ಲಿಗೆ ಹಾಲೆರೆದಿರಬಹುದು. ಆ ಸಂಜೆ ಅವನು ಊಟಕ್ಕೆ ಕೂತನೇ?

ಟಾಲ್ಸ್ಟಾಯ್ ಆ ಕಾದಂಬರಿಯ ಹಣವನ್ನು ದುಖೊಬೋರ್ ಎಂಬ ರೈತ ಕ್ರೈಸ್ತರು ಕೆನಡಾಕ್ಕೆ ವಲಸೆ ಹೋಗಲು ಕೊಟ್ಟ. ಅವರು 1895ರಲ್ಲಿ ತಮ್ಮ ಆಯುಧಗಳನ್ನು ರಾಶಿ ಹಾಕಿ ಸುಟ್ಟವರು. ಇದನ್ನು ಓದುವಾಗ ವಿದುರ ನೆನಪಾಗದೆ ಇರುವುದು ಹೇಗೆ? ಕುಮಾರವ್ಯಾಸನಲ್ಲಿ ದುರ್ಯೋಧನ ಹಂಗಿಸಿದಾಗ ವಿದುರ ತುಂಬಿದ ಸಭೆಯಲ್ಲೇ ತನ್ನ ಬಿಲ್ಲನ್ನು ಮುರಿಯುತ್ತಾನೆ. ಯುದ್ಧ ಮುಗಿದ ಮೇಲೆ, ಅಷ್ಟು ಸಾವು ಕಂಡು ನೊಂದ ಅವನೇ ಇಲ್ಲಿ ಅಶ್ವತ್ಥದ ಸಸಿ ನೆಟ್ಟನೆಂದು ಸ್ಥಳಪುರಾಣ. ಬಿಲ್ಲು ಮುರಿದವನ ಹೆಸರಿನ ಊರಲ್ಲೇ ಆಜ್ಞೆಗೆ ಬಂದೂಕು ಎತ್ತಿದ್ದು ನಮ್ಮ ಇತಿಹಾಸ.

ಆಮೇಲಿನದು ಗೊತ್ತಿರುವುದೇ. ವಲ್ಲಭಭಾಯಿ ಪಟೇಲರೂ ಕೃಪಲಾನಿಯವರೂ ಬಂದರು, ಸಂಸ್ಥಾನದ ದಿವಾನರೊಡನೆ ಮಿರ್ಜಾ–ಪಟೇಲ್ ಒಪ್ಪಂದವಾಯಿತು, ಬಾವುಟ ಹಾರಿಸಲು ಅನುಮತಿ ಸಿಕ್ಕಿತು. ಹಳೆಯ ಅಶ್ವತ್ಥ 2001ರಲ್ಲಿ ಉರುಳಿತು. ಸತ್ತವರ ಸ್ಮಾರಕವಾಗಿ ವೀರಸೌಧ ಇದೆ, ನಾಗರಕಲ್ಲುಗಳಿವೆ.

ಕನ್ನಡವೂ ತೆಲುಗೂ ಒಂದೇ ಉಸಿರಿನಲ್ಲಿ ಬರುವ ಗೌರಿಬಿದನೂರು ಸೀಮೆಯ ಯುವ ಲೇಖಕರಲ್ಲಿ ನನ್ನ ಬೇಡಿಕೆ ಇದು. ಎಂಡೋನನ್ನು ಓದಿ, ಟಾಲ್ಸ್ಟಾಯ್‌ನನ್ನು ಓದಿ. ಆಮೇಲೆ ಆ ಏಪ್ರಿಲ್ ದಿನವನ್ನು ಕಾದಂಬರಿಯಾಗಿ ಬರೆಯಿರಿ. ಬಿದ್ದವನ ಜೊತೆಗೆ ಓಡಿದವನನ್ನೂ ಗುಂಡು ಹಾರಿಸಿದವನನ್ನೂ ಬರೆಯಿರಿ. ಅಜ್ಜ ಅಜ್ಜಿಯರಿಂದ ಆ ದಿನದ ಮಾತು ಕೇಳಿಸಿಕೊಂಡವರು ಈ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ, ಅವರನ್ನು ಈಗಲೇ ಹೋಗಿ ಕೇಳಿ.