ದೇವಕಿ ಕೇಳಿದ್ದು

ಹೆತ್ತು ಕೊಟ್ಟವಳನ್ನು ಕಂಡರೆ ಜನ ಕೇಳುವುದು ಒಂದೇ: ‘ಹೇಗಮ್ಮಾ ತಡ್ಕೊಂಡೆ?’ ಸಂಕಟ ಇರಲೇಬೇಕೆಂದು ಅವರೇ ತೀರ್ಮಾನಿಸಿಕೊಂಡು ಬಂದಿರುತ್ತಾರೆ. ಇಲ್ಲವೆನ್ನುವುದಿಲ್ಲ, ಇತ್ತು. ಈಗ ಬರೆಯುತ್ತ ಕೂತಾಗ, ಅನ್ನಕ್ಕಿಟ್ಟಾಗ ನನ್ನನ್ನು ಹಿಡಿದು ನಿಲ್ಲಿಸುವುದು ಬೆರಗು. ಅದನ್ನು ಯಾರೂ ಕೇಳುವುದಿಲ್ಲವಾದ್ದರಿಂದ ನಾನೇ ಹೇಳುತ್ತೇನೆ.

ಮಗಳು ಅಕ್ಕನ ಮನೆಯಲ್ಲಿ ಬೆಳೆಯುತ್ತಿದ್ದಾಳೆ. ನಾನು ಜಯನಗರದಲ್ಲಿ, ಅವರು ಬನಶಂಕರಿಯಲ್ಲಿ; ಮೆಟ್ರೊ ಹತ್ತಿದರೆ ನಡುವೆ ಸಿಗುವುದು ಆರ್.ವಿ. ರಸ್ತೆ ನಿಲ್ದಾಣವೊಂದೇ. ಅಕ್ಕ ಅಮ್ಮ, ಭಾವ ಅಪ್ಪ, ನಾನು ಚಿಕ್ಕಮ್ಮ. ಹೆತ್ತವಳು ನಾನೆಂಬುದು ಅವಳಿಗೆ ಬುದ್ಧಿ ತಿಳಿದಾಗಿನಿಂದ ಗೊತ್ತು. ‘ಯಾವಾಗ ಹೇಳೋಣ’ ಎಂದು ದೊಡ್ಡವರು ಅಡುಗೆಮನೆಯಲ್ಲಿ ಪಿಸುಗುಡುವ ಸಂದರ್ಭ ನಮ್ಮಲ್ಲಿ ಬರಲಿಲ್ಲ. ಯಾಕೆ ಕೊಟ್ಟೆ ಎಂಬ ಕತೆಯಲ್ಲಿ ಅರ್ಧ ಅವಳದ್ದು. ಅವಳನ್ನು ಕೇಳದೆ ಬರೆಯುವಂತಿಲ್ಲ.

ವಿಮೆಯ ಷರತ್ತು, ಔಷಧದ ಚೀಟಿ, ಸರ್ಕಾರಿ ಕರಪತ್ರ ಇವನ್ನೆಲ್ಲ ಕನ್ನಡಕ್ಕೆ ತಂದುಕೊಟ್ಟು ಬದುಕುವವಳು ನಾನು. ಹಾಗಾಗಿ ದತ್ತುಪತ್ರಕ್ಕೆ ಸಹಿ ಹಾಕುವ ಮುಂಚೆ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯನ್ನು ಅಕ್ಷರ ಬಿಡದೆ ಓದಿದೆ. ದತ್ತಹೋಮ ಕಡ್ಡಾಯವಲ್ಲ, ಕೊಡುವುದು ತೆಗೆದುಕೊಳ್ಳುವುದು ಮಾತ್ರ ನಿಜವಾಗಿ ನಡೆಯಬೇಕು ಎನ್ನುತ್ತದೆ 11ನೇ ಕಲಮು. ಕ್ರಮಬದ್ಧವಾಗಿ ಆದ ದತ್ತು ರದ್ದಾಗದು ಎನ್ನುತ್ತದೆ 15ನೆಯದು. ನಾನು ತಡವರಿಸಿದ್ದು 12ರಲ್ಲಿ. ದತ್ತುವಾದ ದಿನದಿಂದ ಹುಟ್ಟಿದ ಮನೆಯ ಸಂಬಂಧವೆಲ್ಲ ಕಡಿದಂತೆ ಎಂದು ಹೇಳಿ, ಮರುಮಾತಿನಲ್ಲೇ, ಆ ಮನೆಯಲ್ಲೇ ಉಳಿದಿದ್ದರೆ ಯಾರನ್ನು ಮದುವೆಯಾಗಲು ಬರುತ್ತಿರಲಿಲ್ಲವೋ ಅವರನ್ನು ಈಗಲೂ ಆಗುವಂತಿಲ್ಲ ಎಂದು ಸೇರಿಸುತ್ತದೆ. ಆಸ್ತಿಯ ಮಾತು ಬಿಡಿ, ಅದಕ್ಕೆ ಬೇರೆ ಷರತ್ತುಗಳಿವೆ. ಎಲ್ಲ ಕಡಿದ ಮೇಲೂ ಹುಟ್ಟನ್ನು ಮರೆಯಲಾಗದ ಈ ಕಾನೂನಿನ ಮೇಲೆ ನನಗೆ ವಿಚಿತ್ರ ಅಕ್ಕರೆ. ಇನ್ನೂ ತಮಾಷೆಯೆಂದರೆ, ತಾಯಿಯಾಗಿ ಮುಂಬಾಗಿಲಿಂದ ಆಚೆ ಹೋದ ನಾನು ಅಕ್ಕನ ತಂಗಿಯಾಗಿ ಹಿತ್ತಲ ಬಾಗಿಲಿಂದ ಒಳಗೆ ಬಂದೆ. ಕಾಯ್ದೆಯ ಲೆಕ್ಕದಲ್ಲೂ ನಾನೀಗ ಅವಳ ಚಿಕ್ಕಮ್ಮನೇ.

ಮಗುವನ್ನು ಅಪರಿಚಿತರಿಗೆ ಒಪ್ಪಿಸಿದವರಿಗೆ ಆ ಹಿತ್ತಲ ಬಾಗಿಲಿಲ್ಲ. 2015ರ ಬಾಲನ್ಯಾಯ ಕಾಯ್ದೆ ಅವರಿಗೆ ಮನಸ್ಸು ಬದಲಿಸಲು ಎರಡು ತಿಂಗಳು ಕೊಡುತ್ತದೆ. ಆಮೇಲೆ ದಾಖಲೆಗಳೆಲ್ಲ ಗೋಪ್ಯ. ಬೇರು ಹುಡುಕುವ ಅವಕಾಶವನ್ನು ನಿಯಮ ಕೊಟ್ಟಿರುವುದು ಬೆಳೆದ ಮಗುವಿಗೆ, ಹೆತ್ತವಳಿಗಲ್ಲ. ಅವರನ್ನು ನೆನೆದಾಗ ನನ್ನ ಬೆರಗು ದುಬಾರಿ ಎನಿಸುತ್ತದೆ.

ಹೆರಿಗೆಯಾದ ಮೂರನೇ ದಿನ ಎದೆ ಕಟ್ಟಿತು. ಮಾಸು ಬಿದ್ದ ಮೇಲೆ ಪ್ರೊಜೆಸ್ಟರಾನ್ ಇಳಿಯುತ್ತದೆ, ಹಾಲು ಬರುತ್ತದೆ. ಕುಡಿಯುವ ಬಾಯಿ ಯಾರ ಮಡಿಲಲ್ಲಿದೆ ಎಂದು ಅದು ವಿಚಾರಿಸುವುದಿಲ್ಲ. ಅದಕ್ಕಿಂತ ದೊಡ್ಡ ಸಂಗತಿ ಗೊತ್ತಾದದ್ದು ವರ್ಷಗಳ ಮೇಲೆ, ಒಂದು ಆರೋಗ್ಯ ಪುರವಣಿಗೆ ಬರೆಯುವಾಗ. ಬಸಿರಿನಲ್ಲಿ ಮಗುವಿನ ಕೆಲವು ಜೀವಕೋಶಗಳು ತಾಯಿಯ ರಕ್ತಕ್ಕೆ ದಾಟಿ ಅಲ್ಲೇ ಉಳಿದುಬಿಡುತ್ತವಂತೆ. ಡಯಾನಾ ಬಿಯಾಂಕಿ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಗನನ್ನು ಹೆತ್ತು 27 ವರ್ಷ ಕಳೆದಿದ್ದ ಹೆಂಗಸಿನ ರಕ್ತದಲ್ಲೂ ಅಂಥ ಕೋಶಗಳು ಸಿಕ್ಕವು. 2012ರಲ್ಲಿ ಸಿಯಾಟಲ್‌ನ ಸಂಶೋಧಕರು ತೀರಿಹೋದ 59 ಹೆಂಗಸರ ಮಿದುಳು ಪರೀಕ್ಷಿಸಿದಾಗ, ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಗಂಡಿನ ಡಿಎನ್‌ಎ ಇತ್ತು. ಗಂಡುಮಗುವಿನದಾದರೆ ವೈ ವರ್ಣತಂತು ಸುಳಿವು ಕೊಡುತ್ತದೆ. ಹೆಣ್ಣುಮಗುವಿನದನ್ನು ಹುಡುಕುವುದು ಕಷ್ಟ. ನನ್ನೊಳಗಿನವಳು ಸುಲಭಕ್ಕೆ ಸಿಕ್ಕಿಬೀಳುವವಳಲ್ಲ. ಈ ಕೋಶಗಳು ಗಾಯ ಮಾಯಿಸುತ್ತವೋ ಕಾಯಿಲೆ ತರುತ್ತವೋ ಎಂದು ವಿಜ್ಞಾನಿಗಳು ಇನ್ನೂ ಚರ್ಚಿಸುತ್ತಿದ್ದಾರೆ. ಎರಡೂ ಮಾಡಬಹುದೇನೋ. ಮಕ್ಕಳಲ್ಲವೇ.

ಅಕ್ಕನ ಪಾಲು ಇನ್ನೂ ಚೆಂದ. ಮೈಟೊಕಾಂಡ್ರಿಯದ 37 ಜೀನುಗಳು ತಾಯಿಯಿಂದ ಮಾತ್ರ ಬರುವಂಥವು. ನನಗೂ ಅಕ್ಕನಿಗೂ ಅವು ಬಂದದ್ದು ಒಬ್ಬಳೇ ಅಮ್ಮನಿಂದ. ಅಂದರೆ ನಾನು ಮಗಳಿಗೆ ದಾಟಿಸಿದ್ದನ್ನೇ ಅಕ್ಕ ಹೆತ್ತಿದ್ದರೂ ದಾಟಿಸುತ್ತಿದ್ದಳು. ಮಕ್ಕಳ ಡಾಕ್ಟರು ‘ತಾಯಿ ಕಡೆ ಸಕ್ಕರೆ ಕಾಯಿಲೆ ಉಂಟಾ?’ ಎಂದು ಕೇಳಿದಾಗ ಅಕ್ಕ ಕಣ್ಣು ಮಿಟುಕಿಸದೆ ‘ನಮ್ಮಮ್ಮನಿಗಿದೆ’ ಎನ್ನುತ್ತಾಳೆ. ಡಾಕ್ಟರು ಬರೆದುಕೊಳ್ಳುತ್ತಾರೆ, ಅದು ಸರಿಯಾಗಿಯೇ ಇರುತ್ತದೆ.

ನಮ್ಮವರು ಯಶೋದೆಯನ್ನು ಹಾಡಿದಷ್ಟು ದೇವಕಿಯನ್ನು ಹಾಡಲಿಲ್ಲ. ಆದರೆ ಉಡುಪಿಯ ಸ್ಥಳಪುರಾಣ ಅವಳನ್ನು ಮರೆತಿಲ್ಲ. ‘ನಿನ್ನ ಬಾಲ್ಯ ನಾನು ನೋಡಲೇ ಇಲ್ಲ’ ಎಂದು ದ್ವಾರಕೆಯಲ್ಲಿ ದೇವಕಿ ಹಂಬಲಿಸಿದಳಂತೆ. ಬೆಳೆದ ಕೃಷ್ಣ ಮತ್ತೆ ಪುಟ್ಟವನಾಗಿ, ಮೊಸರು ಕಡೆದು, ಬೆಣ್ಣೆ ಮೆತ್ತಿಕೊಂಡು ಅವಳ ಮುಂದೆ ಆಡಿದ. ಅದನ್ನು ಕಂಡ ರುಕ್ಮಿಣಿ ಆಸೆಪಟ್ಟು, ವಿಶ್ವಕರ್ಮನಿಂದ ಮಾಡಿಸಿದ ಮೂರ್ತಿಯೇ ಮುಂದೆ ಗೋಪೀಚಂದನದೊಳಗೆ ಕೂತು ಕಡಲು ದಾಟಿ ಮಧ್ವಾಚಾರ್ಯರ ಕೈಸೇರಿತು. ಕೈಯಲ್ಲಿ ಕಡೆಗೋಲು, ಹಗ್ಗ. ನವಗ್ರಹ ಕಿಂಡಿಯ ಮುಂದೆ ಸಾಲು ನಿಂತವರಲ್ಲಿ ಎಷ್ಟು ಜನಕ್ಕೆ ನೆನಪಿರುತ್ತದೋ, ತಾವು ಇಣುಕುತ್ತಿರುವುದು ಒಬ್ಬ ಹೆತ್ತ ತಾಯಿಯ ಕೋರಿಕೆಯನ್ನು. ದೇವಕಿ ಕೇಳಿದ್ದು ಮಗನನ್ನಲ್ಲ, ನೋಡಲು ತಪ್ಪಿದ್ದನ್ನು. ಯಶೋದೆಯಿಂದ ಏನನ್ನೂ ಕಿತ್ತುಕೊಳ್ಳದ ಕೋರಿಕೆ. ನನಗೆ ಅದು ಭಾನುವಾರಗಳಲ್ಲಿ ಕಂತಿನ ಮೇಲೆ ಸಿಗುತ್ತಿದೆ.

ಅರಮನೆಯಲ್ಲಾದರೆ ಇದೆಲ್ಲ ಸಂಪ್ರದಾಯ. 2015ರಲ್ಲಿ ಪ್ರಮೋದಾದೇವಿ ಒಡೆಯರ್ ಯದುವೀರರನ್ನು ದತ್ತು ಪಡೆದಾಗ, ಹೆತ್ತ ತಾಯಿ ತ್ರಿಪುರಸುಂದರಿ ದೇವಿ ಎಂಬುದು ಗುಟ್ಟಾಗಿರಲಿಲ್ಲ. ಬಾಡಿಗೆ ಮನೆಯವರು ಅದನ್ನೇ ಮಾಡಿದರೆ ಪಕ್ಕದ ಮನೆಯ ಮಾತು ತಗ್ಗಿದ ದನಿಗೆ ಇಳಿಯುತ್ತದೆ.

ಇನ್ನೊಬ್ಬರ ಹೆಸರಿನಲ್ಲಿ ಭಾಷಣ, ಆತ್ಮಕತೆಗಳನ್ನೂ ಬರೆದುಕೊಡುತ್ತೇನೆ. ‘ನಿನಗೆ ಅಭ್ಯಾಸ ಇದೆ ಬಿಡು’ ಎಂದು ಗೆಳತಿಯೊಬ್ಬಳು ಚುಚ್ಚಿದ್ದುಂಟು. ಬರೆದುಕೊಟ್ಟದ್ದಕ್ಕೆ ದುಡ್ಡು ಬರುತ್ತದೆ, ಶೇಕಡ 10 ಟಿಡಿಎಸ್ ಮುರಿದುಕೊಂಡು, ಅದೂ ತಡವಾಗಿ. ಮಗು ಕೊಟ್ಟು ಹಣ ಮುಟ್ಟಿದರೆ ಅದೇ ದತ್ತಕ ಕಾಯ್ದೆಯ 17ನೇ ಕಲಮಿನಲ್ಲಿ ಆರು ತಿಂಗಳವರೆಗೆ ಜೈಲಿದೆ. ಗೆಳತಿಗೆ ಇಷ್ಟನ್ನೇ ಹೇಳಿದೆ.

ಮೊನ್ನೆ ಮಗಳಿಗೆ ಆ ಜೀವಕೋಶಗಳ ವಿಷಯ ವಿವರಿಸಿದೆ. ಅವಳ ಕೋಶಗಳು ನನ್ನ ತಲೆಯಲ್ಲೂ ಇರಬಹುದು ಎಂದೆ. ಒಂಬತ್ತು ತುಂಬಿದ ಹುಡುಗಿ, ಲಕ್ಷ್ಯ ಕೊಟ್ಟು ಕೇಳಿದಳು. ‘ಹಂಗಾದ್ರೆ ನಿಂಗೆ ಭಿನ್ನರಾಶಿ ಲೆಕ್ಕ ಯಾಕೆ ಬರಲ್ಲ ಚಿಕ್ಕಮ್ಮಾ?’ ಎಂದಳು. ನಾನು ಉತ್ತರ ಹುಡುಕುವಷ್ಟರಲ್ಲಿ ಒಳಗಿಂದ ಅಕ್ಕನೇ ಕೂಗಿದಳು: ‘ಅವಳಿಗೆ ನಾಲ್ಕನೇ ಕ್ಲಾಸಿನಲ್ಲೂ ಬರ್ತಿರ್ಲಿಲ್ಲ ಕಣೆ, ಆಗ ನೀನಿನ್ನೂ ಹೋಗಿ ಸೇರಿರಲಿಲ್ಲ!’